ಹೊಗಳಬೇಡಿ, ಸಾಕ್ಷಿ ಹೇಳಿ

ಲಿಂಕ್ಡ್‌ಇನ್‌ನಲ್ಲಿ ಯಾರದಾದರೂ ಪ್ರೊಫೈಲ್ ತೆರೆದು ಕೆಳಗಿನವರೆಗೆ ಹೋದರೆ ‘ರೆಕಮಂಡೇಶನ್ಸ್’ ಎಂಬ ಭಾಗ ಸಿಗುತ್ತದೆ. ಅಲ್ಲಿನ ಬರಹಗಳು ಬಹುಪಾಲು ಒಂದೇ ಅಚ್ಚಿನವು. ‘ಇವರು ಶ್ರಮಜೀವಿ, ಶಿಸ್ತಿನ ಮನುಷ್ಯ, ಒಳ್ಳೆಯ ಟೀಮ್ ಪ್ಲೇಯರ್. ಎಂಥ ಸವಾಲನ್ನೂ ನಗುನಗುತ್ತ ಎದುರಿಸುತ್ತಾರೆ. ಯಾವ ಕಂಪನಿಗೆ ಹೋದರೂ ಅದಕ್ಕೊಂದು ಆಸ್ತಿ. ಮುಂದಿನ ಹಾದಿಗೆ ಶುಭವಾಗಲಿ.’ ಬರೆದವರ ಮನಸ್ಸು ಒಳ್ಳೆಯದೇ. ಬರೆಸಿಕೊಂಡವರಿಗೂ ಖುಷಿಯಾಗಿರುತ್ತದೆ. ಆದರೆ ಕೆಲಸ ಕೊಡಲು ಕೂತಿರುವ ಎಚ್‌ಆರ್ ಕಣ್ಣು ಅದರ ಮೇಲೆ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಹೆಸರು ಅಳಿಸಿ ಪಕ್ಕದ ಸೀಟಿನವರ ಹೆಸರು ಹಾಕಿದರೂ ಆ ಬರಹ ಹಾಗೇ ಹೊಂದುತ್ತದೆ. ಇಬ್ಬರಿಗೂ ಹೊಂದುವ ಮಾತು ಇಬ್ಬರ ಬಗ್ಗೆಯೂ ಏನೂ ಹೇಳುವುದಿಲ್ಲ.

ಜೊತೆಯಲ್ಲಿ ದುಡಿದವರ ಬಗ್ಗೆ ಶಿಫಾರಸು ಬರೆಯುವುದು ಸಾಕ್ಷಿ ನುಡಿದಂತೆ. ಕೋರ್ಟಿನಲ್ಲಿ ಸಾಕ್ಷಿಯನ್ನು ‘ಈತ ಒಳ್ಳೆಯವನೋ ಕೆಟ್ಟವನೋ’ ಎಂದು ಯಾರೂ ಕೇಳುವುದಿಲ್ಲ. ನೀನು ಎಲ್ಲಿ ನಿಂತಿದ್ದೆ, ಏನು ಕಂಡೆ, ಎಷ್ಟು ಹೊತ್ತು ಕಂಡೆ ಎಂದು ಕೇಳುತ್ತಾರೆ. ಅಷ್ಟಕ್ಕೆ ಉತ್ತರ ಕೊಟ್ಟರೆ ಸಾಕು, ತೀರ್ಪು ಓದುವವರೇ ಬರೆದುಕೊಳ್ಳುತ್ತಾರೆ. ವರ್ಗಾವಣೆಗಾಗಿ ಶಾಸಕರ ಮನೆಯಿಂದ ತರುವ ಪತ್ರದ ವಿಷಯ ಇಲ್ಲಿಲ್ಲ. ಅದು ಬೇರೆಯದೇ ವಿದ್ಯೆ.

ಮದರಾಸಿನ ಎರಡು ಪತ್ರಗಳು

ಒಳ್ಳೆಯ ಶಿಫಾರಸು ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಶ್ರೀನಿವಾಸ ರಾಮಾನುಜನ್ ಕಥೆ ಹೇಳುತ್ತೇನೆ. ಗಣಿತದ ಭಾಗ ಎಲ್ಲರಿಗೂ ಗೊತ್ತು, ನನಗೆ ಬೇಕಾದದ್ದು ಅವರ ಪರವಾಗಿ ಬೇರೆಯವರು ಬರೆದ ಪತ್ರಗಳು.

1912ರ ಫೆಬ್ರವರಿಯಲ್ಲಿ ರಾಮಾನುಜನ್ ಮದರಾಸು ಬಂದರಿನ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದರು. ಕೈಯಲ್ಲಿ ಡಿಗ್ರಿ ಇರಲಿಲ್ಲ. ಅರ್ಜಿಯ ಜೊತೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕ ಇ. ಡಬ್ಲ್ಯೂ. ಮಿಡಲ್‌ಮಾಸ್ಟ್ ಅವರ ಶಿಫಾರಸು ಇತ್ತು. ಕೆಲವೇ ಸಾಲು. ಹುಡುಗನಿಗೆ ಗಣಿತದಲ್ಲಿ, ಅದರಲ್ಲೂ ಸಂಖ್ಯೆಗಳ ವಿಷಯದಲ್ಲಿ ಅಸಾಧಾರಣ ಶಕ್ತಿಯಿದೆ ಎಂದು ಮೊದಲು ಬರೆದು, ಮುಂದೆ ಲೆಕ್ಕ ಮಾಡುವುದು ಇವನಿಗೆ ಸಹಜವಾಗಿ ಬಂದಿದೆ, ಅಂಕಿಗಳ ಕೆಲಸದಲ್ಲಿ ಬಹಳ ಚುರುಕು ಎಂದು ಸೇರಿಸಿದರು. ಎರಡನೆಯ ಮಾತನ್ನು ಗಮನಿಸಿ. ಬಂದರಿನ ಲೆಕ್ಕಪತ್ರ ವಿಭಾಗಕ್ಕೆ ಸಂಖ್ಯಾಸಿದ್ಧಾಂತ ಕಟ್ಟಿಕೊಂಡು ಏನಾಗಬೇಕು? ಕೂಡಿ ಕಳೆಯುವುದರಲ್ಲಿ ಕೈ ಚುರುಕಾಗಿರುವ ಗುಮಾಸ್ತೆ ಬೇಕು. ಮಿಡಲ್‌ಮಾಸ್ಟ್ ಪತ್ರ ಓದುವವರ ಕುರ್ಚಿಯಲ್ಲಿ ಕೂತು ಯೋಚಿಸಿ ಬರೆದಿದ್ದರು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಕೆಲಸ ಸಿಕ್ಕಿತು.

ಮರುವರ್ಷದ ಪತ್ರ ಇನ್ನೂ ಸೊಗಸು. 1913ರ ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಮದರಾಸಿಗೆ ಬಂದಿದ್ದಾಗ ರಾಮಾನುಜನ್ ಮಾಡಿದ ಕೆಲಸವನ್ನು ಅವರಿಗೆ ತೋರಿಸಲಾಯಿತು. ವಾಕರ್ ಸಾಮಾನ್ಯರಲ್ಲ, ಕೇಂಬ್ರಿಡ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾಗಿ ಬಂದಿದ್ದವರು. ಅವರು ಮದರಾಸು ವಿಶ್ವವಿದ್ಯಾಲಯಕ್ಕೆ ಬರೆದ ಪತ್ರದ ಸಾರಾಂಶ ಇಷ್ಟು: ನಾನು ನೋಡಿದ ಕೆಲಸದಲ್ಲಿರುವ ಸ್ವಂತಿಕೆ ಕೇಂಬ್ರಿಡ್ಜ್ ಕಾಲೇಜೊಂದರ ಗಣಿತದ ಫೆಲೋಗೆ ಸಮನಾದದ್ದು, ಆದರೆ ಈ ಫಲಿತಾಂಶಗಳನ್ನು ಎಲ್ಲೆಡೆ ಒಪ್ಪಬೇಕಾದರೆ ಬೇಕಾಗುವ ಪೂರ್ಣತೆ, ಖಚಿತತೆ ಇದರಲ್ಲಿಲ್ಲ, ಆತನ ಪರಿಸ್ಥಿತಿಯಲ್ಲಿ ಅದು ಸಹಜ, ಇದು ನಾನು ವಿಶೇಷವಾಗಿ ಅಭ್ಯಾಸ ಮಾಡಿದ ಶಾಖೆಯಲ್ಲ, ಹಾಗಾಗಿ ಆತನ ಸಾಮರ್ಥ್ಯವನ್ನು ಖಚಿತವಾಗಿ ಅಳೆಯಲಾರೆ, ಅದು ಯುರೋಪಿನಲ್ಲಿ ಹೆಸರು ತರುವಂಥದ್ದೂ ಇರಬಹುದು. ಇದರ ಜೊತೆಗೆ, ಊಟದ ಚಿಂತೆಯಿಲ್ಲದೆ ಕೆಲವು ವರ್ಷ ಗಣಿತವೊಂದನ್ನೇ ಮಾಡಲು ವಿಶ್ವವಿದ್ಯಾಲಯ ಅನುಕೂಲ ಮಾಡಿಕೊಡಬೇಕು ಎಂಬ ಕೋರಿಕೆ. ಅಷ್ಟರಲ್ಲಿ ರಾಮಾನುಜನ್ ಬರೆದಿದ್ದ ಪತ್ರಕ್ಕೆ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯವರಿಂದಲೂ ಉತ್ತರ ಬಂದಿತ್ತು. ಡಿಗ್ರಿಯೇ ಇಲ್ಲದ ಗುಮಾಸ್ತೆಗೆ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು.

‘ಇಷ್ಟು ಕಂಡೆ, ಇಷ್ಟು ಕೊರತೆಯಿದೆ, ಇದರಾಚೆ ನನಗೆ ತಿಳಿಯದು’ ಎಂದು ಬರೆದ ಪತ್ರವನ್ನು ಯಾರೂ ಅನುಮಾನಿಸುವುದಿಲ್ಲ. ಗೊತ್ತಿರುವುದರ ಗಡಿಯನ್ನು ಹೇಳಿದವನು ಗಡಿಯೊಳಗೆ ಹೇಳಿದ್ದನ್ನು ಜನ ನಂಬುತ್ತಾರೆ. ಇಂದಿನ ರೆಕಮಂಡೇಶನ್‌ಗಳಲ್ಲಿ ಕಾಣದೇ ಇರುವುದು ಇದೇ. ಅಲ್ಲಿ ಎಲ್ಲರೂ ಎಲ್ಲದರಲ್ಲೂ ಶ್ರೇಷ್ಠರು.

ನಾಲ್ಕು ಸಾಲಿನ ಲೆಕ್ಕ

ಈಗ ನಮ್ಮ ಕಾಲಕ್ಕೆ ಬರೋಣ. ಬೆಂಗಳೂರಿನ ಒಂದು ಕಂಪನಿಯಲ್ಲಿ ಆನ್‌ಲೈನ್ ಪಾವತಿಯ ಸಾಫ್ಟ್‌ವೇರ್ ಮಾಡುವ ತಂಡ ಎಂದಿಟ್ಟುಕೊಳ್ಳಿ. ಅಲ್ಲೊಬ್ಬರು ಟೆಸ್ಟರ್. ಅವರ ಬಗ್ಗೆ ತಂಡದ ಡೆವಲಪರ್ ಬರೆಯಬೇಕು. ‘ಬಹಳ ಸೂಕ್ಷ್ಮವಾಗಿ ಕೆಲಸ ಮಾಡುತ್ತಾರೆ, ಗುಣಮಟ್ಟದಲ್ಲಿ ರಾಜಿಯಿಲ್ಲ’ ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಅದನ್ನು ಬದಿಗಿಟ್ಟು ಹೀಗೆ ಬರೆದರೆ?

‘ನಾವಿಬ್ಬರೂ ಪಾವತಿ ತಂಡದಲ್ಲಿ ಎರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು, ನಾನು ಡೆವಲಪರ್, ಅವರು ಟೆಸ್ಟರ್. ದೀಪಾವಳಿ ಮಾರಾಟದ ಹಿಂದಿನ ದಿನ ಪಟ್ಟಿಯಲ್ಲಿದ್ದ ಎಲ್ಲ ಟೆಸ್ಟ್‌ಗಳೂ ಪಾಸಾಗಿದ್ದವು. ಆದರೂ ಅವರು ರಿಲೀಸಿಗೆ ಒಪ್ಪಲಿಲ್ಲ. ಹಣ ಕಟ್ಟುವ ನಡುವೆ ನೆಟ್‌ವರ್ಕ್ ಹೋಗಿ ಗ್ರಾಹಕ ಮತ್ತೊಮ್ಮೆ ಬಟನ್ ಒತ್ತಿದರೆ ಒಂದೇ ಆರ್ಡರಿಗೆ ಎರಡು ಸಲ ದುಡ್ಡು ಕಡಿತವಾಗುತ್ತದೆ ಎಂದು ತಮ್ಮ ಫೋನಿನಲ್ಲೇ ಮಾಡಿ ತೋರಿಸಿದರು. ಆ ದೋಷ ಪಟ್ಟಿಯಲ್ಲಿರಲಿಲ್ಲ. ಅದು ಯಾರ ತಪ್ಪು ಎಂದು ಮೀಟಿಂಗಿನಲ್ಲಿ ಎತ್ತಾಡಲಿಲ್ಲ, ಕೋಡ್ ಬರೆದವರ ಮೇಜಿನ ಬಳಿ ಹೋಗಿ ಕೂತರು. ಸಂಜೆಯೊಳಗೆ ಸರಿಯಾಯಿತು. ಗ್ರಾಹಕರ ದುಡ್ಡು ಓಡಾಡುವ ಯಾವ ತಂಡಕ್ಕಾದರೂ ಇಂಥವರೊಬ್ಬರು ಬೇಕು.’

ಇಲ್ಲಿ ‘ಸೂಕ್ಷ್ಮ’ ಎಂಬ ಪದವೇ ಇಲ್ಲ. ‘ಗುಣಮಟ್ಟ’ ಇಲ್ಲ, ‘ಟೀಮ್ ಪ್ಲೇಯರ್’ ಇಲ್ಲ. ಓದಿದವರಿಗೆ ಅವೆಲ್ಲವೂ ತಾವಾಗಿಯೇ ಹೊಳೆಯುತ್ತವೆ. ಮೊದಲ ವಾಕ್ಯದಲ್ಲಿ ಸಾಕ್ಷಿ ಎಲ್ಲಿ ನಿಂತಿದ್ದ ಎಂಬುದು ಗೊತ್ತಾಯಿತು. ನಡುವಿನದು ಒಂದೇ ಒಂದು ಘಟನೆ, ಆದರೆ ಅದರಲ್ಲಿ ಕೆಲಸದ ಒಳಗು ಕಾಣುತ್ತದೆ. ಮೇಜಿನ ಬಳಿ ಹೋಗಿ ಕೂತರು ಎಂಬ ಮಾತು ಸ್ವಭಾವದ ಬಗ್ಗೆ ಹತ್ತು ವಿಶೇಷಣ ಹೇಳುವುದಕ್ಕಿಂತ ಹೆಚ್ಚು ಹೇಳುತ್ತದೆ. ಕೊನೆಯ ವಾಕ್ಯ ಇವರನ್ನು ಎಂಥ ಜಾಗಕ್ಕೆ ಕರೆಯಬಹುದು ಎಂದು ತೋರಿಸುತ್ತದೆ, ಮಿಡಲ್‌ಮಾಸ್ಟ್ ‘ಅಂಕಿಗಳ ಕೆಲಸದಲ್ಲಿ ಚುರುಕು’ ಎಂದ ಹಾಗೆ.

ಇಂಥ ಘಟನೆ ನೆನಪಾಗುವುದೇ ಕಷ್ಟ ಎನ್ನುವವರಿದ್ದಾರೆ. ಒಂದು ಉಪಾಯ ಇದೆ. ಆ ವ್ಯಕ್ತಿ ಒಂದು ವಾರ ರಜೆ ಹಾಕಿದಾಗ ಏನು ನಿಂತುಹೋಯಿತು ಎಂದು ಯೋಚಿಸಿ. ಯಾವ ಕೆಲಸವನ್ನು ಎಲ್ಲರೂ ‘ಅವರು ಬರಲಿ’ ಎಂದು ಮುಂದೂಡಿದರು? ಬರೆಯಬೇಕಾದದ್ದು ಅಲ್ಲೇ ಇದೆ. ಇನ್ನೂ ಹೊಳೆಯದಿದ್ದರೆ ಹಳೆಯ ಮೇಲ್‌ಗಳನ್ನು ತೆರೆದು ನೀವೇ ಅವರಿಗೆ ‘ಥ್ಯಾಂಕ್ಸ್’ ಎಂದು ಬರೆದದ್ದನ್ನು ಹುಡುಕಿ. ಯಾವುದಕ್ಕೆ ಥ್ಯಾಂಕ್ಸ್ ಹೇಳಿದ್ದಿರೋ ಅದೇ ವಿಷಯ.

ಭಾಷೆಯದೂ ಒಂದು ಸಂಗತಿ ಇದೆ. ನಾವು ಹೆಚ್ಚಾಗಿ ಇದನ್ನು ಇಂಗ್ಲಿಷಿನಲ್ಲಿ ಬರೆಯುತ್ತೇವೆ, ಬರೆಯಲು ಕೂತೊಡನೆ ಸಿದ್ಧ ಪದಗಳು ಸಾಲುಗಟ್ಟಿ ನಿಲ್ಲುತ್ತವೆ: ಡೆಡಿಕೇಟೆಡ್, ಪ್ಯಾಶನೇಟ್, ಡೈನಾಮಿಕ್. ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಮನೆಯಲ್ಲಿ ಊಟಕ್ಕೆ ಕೂತಾಗ ‘ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ, ಅವರು ಏನು ಮಾಡಿದರು ಗೊತ್ತಾ’ ಎಂದು ಹೇಗೆ ಹೇಳುತ್ತೀರೋ ಹಾಗೆ. ಆ ಮಾತಿನಲ್ಲಿ ‘ಡೈನಾಮಿಕ್’ ನುಸುಳಲು ಸಾಧ್ಯವೇ ಇಲ್ಲ. ಹೇಳಿಕೊಂಡದ್ದನ್ನೇ ಆಮೇಲೆ ಸರಳ ಇಂಗ್ಲಿಷಿಗೆ ಇಳಿಸಿದರೆ ಆಯಿತು. ಚಾಟ್‌ಜಿಪಿಟಿಗೆ ಹೆಸರು, ಹುದ್ದೆ ಕೊಟ್ಟು ‘ಒಂದು ರೆಕಮಂಡೇಶನ್ ಬರಿ’ ಎಂದರೆ ಅದು ನಾನು ಆರಂಭದಲ್ಲಿ ಕೊಟ್ಟ ಅಚ್ಚನ್ನೇ ಇನ್ನಷ್ಟು ಪಾಲಿಶ್ ಮಾಡಿ ಕೊಡುತ್ತದೆ. ಅದು ನಿಮ್ಮ ಆಫೀಸಿನಲ್ಲಿ ಇರಲಿಲ್ಲ, ಏನನ್ನೂ ಕಂಡಿಲ್ಲ. ನೀವು ಬರೆದದ್ದರ ವ್ಯಾಕರಣ ತಿದ್ದಿಸಿಕೊಳ್ಳಲು ಬಳಸಿದರೆ ತಕರಾರಿಲ್ಲ.

ಉದ್ದ ಎಷ್ಟಿರಬೇಕು? ಲಿಂಕ್ಡ್‌ಇನ್ 3,000 ಅಕ್ಷರಗಳವರೆಗೆ ಬಿಡುತ್ತದೆ. ಅಷ್ಟನ್ನೂ ತುಂಬಿಸಬೇಕೆಂದೇನೂ ಇಲ್ಲ. ಮೇಲಿನ ಮಾದರಿಯಷ್ಟಿದ್ದರೆ ಫೋನಿನ ಪರದೆಯಲ್ಲಿ ಒಂದೇ ಉಸಿರಿಗೆ ಓದಬಹುದು. ಇದಕ್ಕಿಂತ ಚಿಕ್ಕದಾಗಿ ಬರೆದು ಗೆದ್ದವರೂ ಇದ್ದಾರೆ. 1948ರಲ್ಲಿ ಗಣಿತಜ್ಞ ಜಾನ್ ನ್ಯಾಶ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ಅವರ ಗುರು ರಿಚರ್ಡ್ ಡಫಿನ್ ಬರೆದದ್ದು ಕೆಲವೇ ವಾಕ್ಯ. ವಯಸ್ಸು ಹತ್ತೊಂಬತ್ತು ಎಂದು ತಿಳಿಸಿ, ಈತ ಗಣಿತದ ಪ್ರತಿಭಾವಂತ ಎಂದು ಹೇಳಿ ಸಹಿ ಹಾಕಿದರು. ಆದರೆ ಆ ಚಾತುರ್ಯ ನಮಗೆ ಬೇಡ. ಬರೆದವರ ಮಾತಿಗೆ ಓದುವವರು ಮೊದಲೇ ಬೆಲೆ ಕೊಡುತ್ತಿದ್ದರೆ ಮಾತ್ರ ಅದು ನಡೆಯುತ್ತದೆ.

ಹೆಂಗಸರ ಬಗ್ಗೆ ಬರೆಯುವಾಗ

ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕರಿಗಾಗಿ ಬಂದಿದ್ದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಸಂಶೋಧಕಿಯರು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದರು. ಮಹಿಳೆಯರ ಬಗ್ಗೆ ಬರೆದ ಪತ್ರಗಳು ಸರಾಸರಿಯಲ್ಲಿ ಚಿಕ್ಕವು, ಅನುಮಾನ ಹುಟ್ಟಿಸುವ ಮಾತುಗಳು ಅವುಗಳಲ್ಲಿ ಹೆಚ್ಚು, ಅವರ ಶ್ರಮವನ್ನು ಕೊಂಡಾಡುವುದು ಹೆಚ್ಚು. ಗಂಡಸರ ಪತ್ರಗಳಲ್ಲಿ ಸಂಶೋಧನೆ, ಸಾಧನೆಯ ಮಾತು ಮುಂದೆ ಬರುತ್ತಿತ್ತು. ಬರೆದವರು ಬೇಕೆಂದು ಮಾಡಿದ್ದಲ್ಲ, ಹಾಗೆ ಬಂದುಬಿಟ್ಟಿದೆ.

ನಮ್ಮ ಆಫೀಸುಗಳ ಮಾತನ್ನು ಕಿವಿಗೊಟ್ಟು ಕೇಳಿದರೆ ಇದು ಅಮೆರಿಕದ ಕಥೆ ಮಾತ್ರವಲ್ಲ ಎಂದು ತಿಳಿಯುತ್ತದೆ. ಮಹಿಳಾ ಸಹೋದ್ಯೋಗಿಯೆಂದರೆ ‘ಮನೆ ಮಕ್ಕಳನ್ನು ನೋಡಿಕೊಂಡು ಆಫೀಸನ್ನೂ ತೂಗಿಸುತ್ತಾರೆ, ಎಲ್ಲರೊಂದಿಗೂ ಹೊಂದಿಕೊಳ್ಳುತ್ತಾರೆ, ಮೃದು ಸ್ವಭಾವ’ ಎಂದು ಬರೆದುಬಿಡುತ್ತೇವೆ. ಅವರು ಹೊಸ ಸಿಸ್ಟಮ್ ಕಟ್ಟಿದ್ದು, ಕೈಬಿಟ್ಟು ಹೋಗುತ್ತಿದ್ದ ಕ್ಲೈಂಟನ್ನು ಉಳಿಸಿಕೊಂಡದ್ದು ಎಲ್ಲೋ ಕೊನೆಗೆ ತಳ್ಳಲ್ಪಡುತ್ತದೆ, ಇಲ್ಲವೇ ಬರುವುದೇ ಇಲ್ಲ. ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ: ಇದೇ ವಾಕ್ಯವನ್ನು ಅದೇ ಹುದ್ದೆಯ ಗಂಡಸಿನ ಬಗ್ಗೆ ಬರೆಯುತ್ತಿದ್ದಿರಾ? ‘ಮನೆ ಮಕ್ಕಳನ್ನು ನೋಡಿಕೊಂಡು’ ಎಂಬುದು ಅಲ್ಲೇ ಬಿದ್ದುಹೋಗುತ್ತದೆ. ಕುಟುಂಬ, ಮದುವೆ, ಆರೋಗ್ಯ, ಜಾತಿ, ಊರು ಇವು ಯಾರ ಶಿಫಾರಸಿನಲ್ಲೂ ಬರಬೇಕಾದವಲ್ಲ.

ಬರೆಯುವವರಿಗೆ ಏನು ಸಿಗುತ್ತದೆ

ಲಿಂಕ್ಡ್‌ಇನ್‌ನಲ್ಲಿ ನೀವು ಬರೆದದ್ದು ಅವರ ಪುಟದಲ್ಲಷ್ಟೇ ಉಳಿಯುವುದಿಲ್ಲ, ನಿಮ್ಮ ಪುಟದಲ್ಲೂ ‘ಗಿವನ್’ ಎಂಬ ಅಡಿಬರಹದ ಕೆಳಗೆ ಕಾಣಿಸುತ್ತದೆ. ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. ನಿಮ್ಮ ತಂಡಕ್ಕೆ ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗ ಅಲ್ಲಿಗೆ ಹೋಗಿ ನೋಡುತ್ತಾನೆ: ಈ ಮ್ಯಾನೇಜರ್ ತನ್ನ ಕೈಕೆಳಗಿನವರ ಬಗ್ಗೆ ಏನಾದರೂ ಬರೆದಿದ್ದಾರಾ, ಅಥವಾ ಮೇಲಿನವರಿಗೆ ಮಾತ್ರ ಬರೆದಿದ್ದಾರಾ? ಹತ್ತು ಜನರಿಗೆ ಒಂದೇ ಒಕ್ಕಣೆ ಕೊಟ್ಟಿದ್ದಾರಾ? ಕೈಕೆಳಗಿನವರ ಕೆಲಸವನ್ನು ಇಷ್ಟು ಹತ್ತಿರದಿಂದ ಕಂಡು ಹೆಸರಿಟ್ಟು ಹೇಳುವ ಮ್ಯಾನೇಜರ್ ಬಳಿ ಕೆಲಸ ಮಾಡಲು ಯಾರಿಗೆ ಬೇಡ? ಒಬ್ಬರ ಬಗ್ಗೆ ಬರೆಯುವಾಗ ನಿಮ್ಮ ಕಣ್ಣು ಎಂಥದ್ದೆಂದು ನೀವೂ ತೋರಿಸಿಕೊಂಡಿರುತ್ತೀರಿ.

ಇನ್ನೊಂದು ಲಾಭ ನಿಧಾನದ್ದು. ಜನರಿಗೆ ಕೆಲಸದ ಸುದ್ದಿ ಆಪ್ತ ಗೆಳೆಯರಿಗಿಂತ ಹೆಚ್ಚಾಗಿ ದೂರದ ಪರಿಚಯದವರಿಂದ ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಾದಿಸಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಹೊರಗಿನ ವಲಯದಿಂದಲೇ ಬರಬೇಕು. 2 ಕೋಟಿಗೂ ಹೆಚ್ಚು ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದು ಈ ಮಾತನ್ನು ಕೊಂಚ ತಿದ್ದಿ ಒಪ್ಪಿತು: ಹೊಸ ಕೆಲಸ ಸಿಗಲು ಹೆಚ್ಚು ನೆರವಾಗುವುದು ತೀರ ಹತ್ತಿರದವರೂ ಅಲ್ಲ, ತೀರ ದೂರದವರೂ ಅಲ್ಲ, ನಡುವಿನವರು. ಆ ನಡುವಿನವರು ಯಾರು? ನಾಲ್ಕು ವರ್ಷದ ಹಿಂದೆ ಜೊತೆಯಲ್ಲಿ ದುಡಿದು ಈಗ ಹೈದರಾಬಾದಿನಲ್ಲೋ ಡಬ್ಲಿನ್‌ನಲ್ಲೋ ಇರುವವರು, ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಮಾತಿಲ್ಲದವರು. ಅಂಥವರಿಗೆ ಏನನ್ನೂ ಕೇಳದೆ, ‘ಆಗ ನೀವು ಮಾಡಿದ ಆ ಕೆಲಸ ನೆನಪಾಯಿತು, ನಾಲ್ಕು ಸಾಲು ಬರೆದಿದ್ದೇನೆ, ನೋಡಿ’ ಎಂದು ಕಳಿಸಿ ನೋಡಿ. ತಣ್ಣಗಾಗಿದ್ದ ಪರಿಚಯ ಎಷ್ಟು ಬೇಗ ಚಿಗುರುತ್ತದೆ ಎಂಬುದು ಕಳಿಸಿದವರಿಗೇ ಗೊತ್ತು.

ಆದರೆ ‘ನಾನು ನಿನಗೆ, ನೀನು ನನಗೆ’ ವ್ಯಾಪಾರ ಬೇಡ. ಇಬ್ಬರು ಒಂದೇ ದಿನ ಪರಸ್ಪರ ಬರೆದುಕೊಂಡದ್ದು ತಾರೀಕಿನ ಸಮೇತ ಎರಡೂ ಪುಟಗಳಲ್ಲಿ ಕಾಣುತ್ತದೆ, ಓದುವವರು ಅದನ್ನು ಅಷ್ಟಕ್ಕೇ ತೂಗುತ್ತಾರೆ. ಪುಸ್ತಕ ಓದದೆಯೇ ಮುನ್ನುಡಿ ಬರೆದುಕೊಡುವ ಹಿರಿಯರನ್ನು ನಾವು ಸಾಹಿತ್ಯದಲ್ಲಿ ಬೇಕಾದಷ್ಟು ಕಂಡಿದ್ದೇವೆ. ಅಂಥವರ ಮುನ್ನುಡಿಗೆ ಕೊನೆಗೆ ಯಾವ ಬೆಲೆ ಉಳಿಯಿತು ಎಂಬುದನ್ನೂ ಕಂಡಿದ್ದೇವೆ. 2012ರಲ್ಲಿ ಲಿಂಕ್ಡ್‌ಇನ್‌ಗೆ ಬಂದ ‘ಎಂಡಾರ್ಸ್‌ಮೆಂಟ್’ ಕೂಡ ಹೀಗೇ ಆಯಿತು. ಒಂದು ಕ್ಲಿಕ್ಕಿನಲ್ಲಿ ‘ಇವರಿಗೆ ಜಾವಾ ಬರುತ್ತದೆ’ ಎಂದು ಒತ್ತಬಹುದು. ಪುಕ್ಕಟೆ ಸಿಗುವುದಕ್ಕೆ ಇರುವಷ್ಟೇ ಬೆಲೆ ಅದಕ್ಕೂ ಇದೆ.

ಎಡವುವ ಜಾಗಗಳು

ಮೊದಲನೆಯದು ಗುಟ್ಟು ಬಿಡುವುದು. ಹೊಗಳುವ ಭರದಲ್ಲಿ ಕ್ಲೈಂಟಿನ ಹೆಸರು, ಇನ್ನೂ ಮಾರುಕಟ್ಟೆಗೆ ಬಾರದ ಉತ್ಪನ್ನ, ಒಳಗಿನ ಆದಾಯದ ಅಂಕಿ ಬರೆದುಬಿಡುವವರಿದ್ದಾರೆ. ಸರ್ವಿಸ್ ಕಂಪನಿಗಳಲ್ಲಿ ಕ್ಲೈಂಟಿನ ಹೆಸರು ಹೇಳದಿರಲು ಎಷ್ಟೋ ಕಡೆ ಕರಾರೇ ಇರುತ್ತದೆ. ‘ಅಮೆರಿಕದ ದೊಡ್ಡ ಬ್ಯಾಂಕೊಂದಕ್ಕೆ’ ಎಂದರೆ ಸಾಕು. ಅಂಕಿ ಬೇಕೇ ಬೇಕೆಂದರೆ ದುಡ್ಡಿನ ಬದಲು ಸಮಯದ ಅಂಕಿ ಕೊಡಿ: ಮೂರು ದಿನ ಹಿಡಿಯುತ್ತಿದ್ದ ರಿಪೋರ್ಟ್ ಅರ್ಧ ದಿನಕ್ಕೆ ಇಳಿಯಿತು ಎಂಬಂಥದ್ದು. ಅದೂ ನಿಮಗೆ ಖಚಿತವಾಗಿದ್ದರೆ.

ಕೆಲವು ಕಂಪನಿಗಳಲ್ಲಿ ಮ್ಯಾನೇಜರುಗಳು ಕಂಪನಿಯ ಹೆಸರಿನಲ್ಲಿ ಶಿಫಾರಸು ಕೊಡುವಂತಿಲ್ಲ. ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟನ್ನು ಎಚ್‌ಆರ್ ಮಾತ್ರ ದೃಢೀಕರಿಸುತ್ತದೆ. ನಿಮ್ಮಲ್ಲಿ ನಿಯಮ ಏನೆಂದು ಮೊದಲು ಕೇಳಿ ತಿಳಿದುಕೊಳ್ಳಿ. ವೈಯಕ್ತಿಕವಾಗಿ ಬರೆಯಲು ಅಡ್ಡಿಯಿಲ್ಲ ಎಂದಾದರೆ ‘ನಾನು’ ಎಂದು ಬರೆಯಿರಿ, ‘ನಮ್ಮ ಸಂಸ್ಥೆ’ ಎಂದು ಬರೆಯಬೇಡಿ.

ಮೇಲಿನವರ ಬಗ್ಗೆ ಬರೆಯುವಾಗ ನಮ್ಮ ಕೈ ತಡೆಯಿಲ್ಲದೆ ಓಡುತ್ತದೆ. ‘ದಾರ್ಶನಿಕ ನಾಯಕ’ ಎಂಬುದು ಸಲೀಸಾಗಿ ಬರುತ್ತದೆ. ಹೊಗಳಿ ಹೊಗಳಿ ಹೊನ್ನಶೂಲಕ್ಕೆ ಏರಿಸುವುದರ ಬಗ್ಗೆ ಬಸವಣ್ಣನವರೇ ಎಚ್ಚರಿಸಿದ್ದಾರೆ, ನಾನು ಸೇರಿಸುವುದೇನಿಲ್ಲ. ಬಾಸ್ ಬಗ್ಗೆ ಬರೆಯಲೇಬೇಕಾದರೆ ಅವರ ಕೈಕೆಳಗೆ ನೀವು ಏನು ಕಲಿತಿರಿ, ತಂಡ ಕಷ್ಟದಲ್ಲಿದ್ದಾಗ ಅವರು ಏನು ಮಾಡಿದರು ಎಂದು ಬರೆಯಿರಿ. ಅವರು ನಿಮ್ಮ ಅಪ್ರೈಸಲ್ ಬರೆಯುವ ತಿಂಗಳಲ್ಲಿ ಮಾತ್ರ ಬರೆಯಬೇಡಿ. ಅದು ಅವರಿಗೂ ಮುಜುಗರ, ನಿಮಗೂ ಒಳ್ಳೆಯ ಹೆಸರಲ್ಲ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತುಗಳೂ ಬೇಡ. ‘ಕೊಟ್ಟ ಕೆಲಸವನ್ನು ತಮ್ಮ ಶಕ್ತಿಯನುಸಾರ ಮಾಡಿದರು’ ಎಂದು ಬರೆದರೆ ಓದುವವರಿಗೆ ಅರ್ಥವಾಗುವುದೇ ಬೇರೆ. ಅನುಮಾನವಿದ್ದರೆ ಬರೆಯದಿರುವುದೇ ಲೇಸು.

ಇಲ್ಲಿಗೆ ಬಂದಾಗ ಎಲ್ಲರೂ ಕೇಳುವ ಪ್ರಶ್ನೆ: ಬರೆಯಲು ಮನಸ್ಸಿಲ್ಲದಿದ್ದರೆ ಏನು ಮಾಡುವುದು? ನಮ್ಮಲ್ಲಿ ‘ಇಲ್ಲ’ ಎನ್ನುವುದು ಕಷ್ಟ. ‘ನೋಡೋಣ, ಬರೀತೀನಿ’ ಎಂದು ಹೇಳಿ ತಿಂಗಳುಗಟ್ಟಲೆ ತಪ್ಪಿಸಿಕೊಂಡು ತಿರುಗುತ್ತೇವೆ. ಅದಕ್ಕಿಂತ ಮೊದಲ ದಿನವೇ ಹೀಗೆ ಹೇಳಿಬಿಡಬಹುದು: ‘ನಾವಿಬ್ಬರೂ ನೇರವಾಗಿ ಜೊತೆಯಲ್ಲಿ ಕೆಲಸ ಮಾಡಿದ್ದು ಕಡಿಮೆ. ನಾನು ಬರೆದರೆ ಮೇಲುಮೇಲಿನ ಮಾತಾಗುತ್ತದೆ. ನಿಮ್ಮ ಲೀಡ್ ಬರೆದರೆ ಅದಕ್ಕೆ ತೂಕ ಜಾಸ್ತಿ.’ ಇದು ಸುಳ್ಳಲ್ಲ, ಮನಸ್ಸೂ ಮುರಿಯುವುದಿಲ್ಲ. ಜೊತೆಯಲ್ಲೇ ಕೆಲಸ ಮಾಡಿದ್ದು ಹೌದು, ಕೆಲಸ ಮಾತ್ರ ಚೆನ್ನಾಗಿರಲಿಲ್ಲ ಎಂದಾದರೆ, ಅವರಲ್ಲಿ ನಿಜವಾಗಿ ಕಂಡ ಒಂದು ಒಳ್ಳೆಯ ಅಂಶವಿದ್ದರೆ ಅದನ್ನಷ್ಟೇ ಬರೆಯುತ್ತೇನೆ ಎಂದು ಮೊದಲೇ ತಿಳಿಸಿ. ಅದೂ ಇಲ್ಲದಿದ್ದರೆ ‘ನನ್ನಿಂದ ಆಗುವುದಿಲ್ಲ, ಬೇಸರ ಮಾಡ್ಕೋಬೇಡಿ’ ಎಂದು ನೇರ ಹೇಳುವುದೇ ಗೌರವ. ನಮ್ಮ ಕಡೆ ನಿಜವಾದ ವಿಚಾರಣೆ ನಡೆಯುವುದು ಹೆಚ್ಚಾಗಿ ಫೋನಿನಲ್ಲಿ. ‘ಸರ್, ಅವರು ನಿಮ್ಮಲ್ಲಿದ್ದರಂತೆ, ಹೇಗೆ?’ ಎಂದು ಯಾರಾದರೂ ಕೇಳಿದಾಗ ನೀವು ಹೇಳುವುದೂ ಬರೆದದ್ದೂ ಬೇರೆಬೇರೆಯಾದರೆ ಅವರು ನಂಬಿಕೆ ಕಳೆದುಕೊಳ್ಳುವುದು ನಿಮ್ಮ ಮೇಲೆ.

ಕೇಳುವುದೂ ಒಂದು ಕಲೆ

ಲಿಂಕ್ಡ್‌ಇನ್ ತಾನೇ ಬರೆದುಕೊಡುವ ಸಿದ್ಧ ಕೋರಿಕೆಯನ್ನು ಹಾಗೇ ಕಳಿಸಬೇಡಿ. ಹಿರಿಯರೊಬ್ಬರನ್ನು ಕೇಳುವುದಾದರೆ ಹೀಗೆ: ‘ನಮಸ್ಕಾರ ಸರ್. ಹೋದ ವರ್ಷ ಹಳೆಯ ಸರ್ವರಿನಿಂದ ಡೇಟಾ ಸಾಗಿಸಿದಾಗ ನಾನು ನಿಮ್ಮ ತಂಡದಲ್ಲಿದ್ದೆ. ಆ ಎರಡು ರಾತ್ರಿಯ ಕೆಲಸ ನಿಮಗೆ ನೆನಪಿರಬಹುದು. ಈಗ ಇಂಥದ್ದೇ ಕೆಲಸ ಇರುವ ಹುದ್ದೆಗೆ ಪ್ರಯತ್ನಿಸುತ್ತಿದ್ದೇನೆ. ನೀವು ಆಗ ಕಂಡದ್ದನ್ನು ಮೂರು-ನಾಲ್ಕು ಸಾಲು ಬರೆದುಕೊಟ್ಟರೆ ಉಪಕಾರವಾಗುತ್ತದೆ. ಪುರುಸೊತ್ತಿಲ್ಲದಿದ್ದರೆ ಖಂಡಿತ ಬೇಸರವಿಲ್ಲ.’ ಯಾವ ಘಟನೆ, ಯಾವ ಹುದ್ದೆ, ಎಷ್ಟು ಸಾಲು ಎಲ್ಲವೂ ಗೊತ್ತಾಯಿತು, ತಪ್ಪಿಸಿಕೊಳ್ಳಲು ಬಾಗಿಲೂ ತೆರೆದಿದೆ. ‘ನೀನೇ ಬರೆದುಕೊಂಡು ಬಾ, ಸಹಿ ಹಾಕ್ತೀನಿ’ ಎನ್ನುವವರು ಸಿಗುತ್ತಾರೆ. ಆಗ ಘಟನೆಗಳನ್ನು ಬಿಡಿಬಿಡಿಯಾಗಿ ಬರೆದು ಕೊಡಿ, ಹೊಗಳಿಕೆಯ ಮಾತನ್ನು ಅವರಿಗೇ ಬಿಡಿ. ತನ್ನನ್ನು ತಾನೇ ಹೊಗಳಿಕೊಂಡ ಬರಹ ಒಂದಲ್ಲ ಒಂದು ಕಡೆ ಬಣ್ಣ ಬಿಡುತ್ತದೆ.

ಬಂದ ಬರಹದಲ್ಲಿ ಹುದ್ದೆಯೋ ವರ್ಷವೋ ತಪ್ಪಾಗಿದ್ದರೆ ಪ್ರಕಟಿಸುವ ಮುನ್ನವೇ ತಿದ್ದುಪಡಿ ಕೇಳಬಹುದು, ಅದಕ್ಕೆ ಅಲ್ಲಿ ವ್ಯವಸ್ಥೆಯಿದೆ. ಬರೆದವರೂ ಆಮೇಲೆ ಬದಲಿಸಬಹುದು, ಬೇಡವೆನಿಸಿದರೆ ತೆಗೆಯಲೂಬಹುದು. ನೇರ ಸಂಪರ್ಕದಲ್ಲಿ ಇರುವವರಿಗೆ ಮಾತ್ರ ಬರೆಯಲು ಸಾಧ್ಯ, ಹಾಗಾಗಿ ಮೊದಲು ಕನೆಕ್ಟ್ ಆಗಿರಬೇಕು.

ಐಟಿಯವರಿಗೆ ಮಾತ್ರ ಇದು ಎಂದುಕೊಳ್ಳಬೇಡಿ. ವಿದೇಶಕ್ಕೆ ಹೊರಟ ನರ್ಸ್‌ಗೆ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವ ಅತಿಥಿ ಉಪನ್ಯಾಸಕರಿಗೆ, ಆಡಿಟರ್ ಕಚೇರಿಯ ಅಕೌಂಟೆಂಟ್‌ಗೆ ಲೆಟರ್‌ಹೆಡ್ ಮೇಲಿನ ಪತ್ರವೇ ಬೇಕು. ಅಲ್ಲೂ ಸೂತ್ರ ಒಂದೇ. ‘ಸೇವಾ ಮನೋಭಾವದ ನರ್ಸ್’ ಎನ್ನುವುದಕ್ಕಿಂತ ಯಾವ ವಾರ್ಡು, ಎಷ್ಟು ಹಾಸಿಗೆ, ರಾತ್ರಿ ಪಾಳಿಯಲ್ಲಿ ಒಬ್ಬರೇ ಎಷ್ಟು ರೋಗಿಗಳನ್ನು ನೋಡುತ್ತಿದ್ದರು, ತುರ್ತು ಸಮಯದಲ್ಲಿ ಏನು ಮಾಡಿದರು ಎಂದು ಬರೆದ ಪತ್ರ ದೂರದೂರಿನ ಆಸ್ಪತ್ರೆಯವರಿಗೂ ಅರ್ಥವಾಗುತ್ತದೆ. ತಾರೀಕು, ಹುದ್ದೆ, ಸೇವೆಯ ಅವಧಿ, ನಿಮ್ಮ ಹೆಸರು, ಫೋನ್ ನಂಬರು, ಸೀಲು ಮರೆಯಬೇಡಿ. ಪರಿಶೀಲನೆಗೆ ಫೋನ್ ಬಂದರೆ ಎತ್ತಿ.

ಇನ್ನು ಯಾವಾಗ ಬರೆಯಬೇಕು ಎಂಬುದು. ಕೆಲಸ ಮುಗಿದ ವಾರವೇ ಒಳ್ಳೆಯ ಸಮಯ, ವಿವರಗಳು ಹಸಿಯಾಗಿರುತ್ತವೆ. ಹೆಚ್ಚಿನವರು ನೋಟಿಸ್ ಪೀರಿಯಡ್ಡಿನ ಕೊನೆಯ ದಿನ ಕೇಕ್ ಕತ್ತರಿಸುವಾಗ ನೆನಪಿಸಿಕೊಳ್ಳುತ್ತಾರೆ, ಆಗ ಬರುವುದು ಬೀಳ್ಕೊಡುಗೆಯ ಭಾಷಣವೇ ಹೊರತು ಸಾಕ್ಷಿಯಲ್ಲ. ಇನ್ನೊಂದು ಸಂದರ್ಭವಂತೂ ತಪ್ಪಿಸಲೇಬಾರದು. ತಂಡವೊಂದನ್ನು ಕಂಪನಿ ಏಕಾಏಕಿ ಮನೆಗೆ ಕಳಿಸಿದಾಗ ಅವರ ಲ್ಯಾಪ್‌ಟಾಪ್, ಮೇಲ್ ಐಡಿ ಅದೇ ದಿನ ಬಂದ್ ಆಗಿರುತ್ತವೆ, ತಾವು ಮಾಡಿದ ಕೆಲಸಕ್ಕೆ ಅವರ ಕೈಯಲ್ಲಿ ಪುರಾವೆಯೇ ಉಳಿದಿರುವುದಿಲ್ಲ. ಅವರಾಗಿ ಕೇಳುವುದಿಲ್ಲ, ಕೇಳಲು ಸಂಕೋಚ. ನಿಮ್ಮ ಸುತ್ತ ಈಗ ಅಂಥವರೊಬ್ಬರು ಇದ್ದರೆ, ಅವರ ಕೆಲಸವನ್ನು ನೀವು ಕಣ್ಣಾರೆ ಕಂಡಿದ್ದರೆ, ದಯವಿಟ್ಟು ಈ ವಾರವೇ ನಾಲ್ಕು ಸಾಲು ಬರೆದು ಕಳಿಸಿ.